ಮಡ್ಡಿ, ಬದು, ಹಳ್ಳದ ದಂಡೆ: ಜಮೀನಿನವರೂ ಊರ ಗುಂಪುಗಳೂ ಸೇರಿ ಕಾಡುಪ್ರಾಣಿಗಳ ನೆಲೆ ಉಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಈ ವಿಷಯ ತೆಗೆದಾಗ ಗ್ರಾಮಸಭೆಯಲ್ಲಾಗಲಿ, ಸ್ವಸಹಾಯ ಸಂಘದಲ್ಲಾಗಲಿ, ಚಹಾದ ಅಂಗಡಿಯ ಮುಂದಾಗಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವನ್ನು ಇಲ್ಲಿ ಒಟ್ಟಿಗೆ ತಂದು ಉತ್ತರಿಸಿದ್ದೇವೆ.

ನಮ್ಮ ಕಡೆ ಕಾಡೇ ಇಲ್ಲ. ಕಾಡುಪ್ರಾಣಿಗಳ ನೆಲೆ ಉಳಿಸುವ ಮಾತು ನಮಗೇಕೆ?

ವಿಜಯಪುರ ಜಿಲ್ಲೆಯಲ್ಲಿ ಅರಣ್ಯ ಶೇಕಡ 1ರಷ್ಟೂ ಇಲ್ಲ, ನಿಜ. ಆದರೆ ಈ ಸೀಮೆಯ ಪ್ರಾಣಿಗಳು ದಟ್ಟ ಕಾಡನ್ನು ಬೇಡುವವೂ ಅಲ್ಲ. ಕೃಷ್ಣಮೃಗ, ಅಂದರೆ ನಮ್ಮ ಚಿಗರಿ, ಬಯಲಿನ ಪ್ರಾಣಿ. ವೈರಿಯನ್ನು ದೂರದಿಂದಲೇ ಕಂಡು ಓಡಿ ಪಾರಾಗುವುದು ಅದರ ಬದುಕು. ಅದಕ್ಕೆ ಕಣ್ಣಿಗೆ ಅಡ್ಡ ಬರುವ ಗಿಡಮರಗಳೇ ಅಪಾಯ. ಚಿಂಕಾರ ಎಂಬ ಸಣ್ಣ ಹುಲ್ಲೆಗೆ ಕಲ್ಲುಗುಡ್ಡ, ಕುರುಚಲು ಕಂಟಿ, ನಡುನಡುವೆ ಹುಲ್ಲು ಇದ್ದರೆ ಸಾಕು. ತೋಳ ಹಗಲು ಕಳೆಯುವುದು ಹಳ್ಳದ ಕೊರಕಲಿನಲ್ಲಿ, ಕಂಟಿಗಳ ನೆರಳಿನಲ್ಲಿ. ಗೌಜಗ, ನೆಲಗುಬ್ಬಿ, ಟಿಟ್ಟಿಭಗಳಿಗೆ ಮರವೇ ಬೇಡ, ಅವು ಮೊಟ್ಟೆ ಇಡುವುದು ನೆಲದ ಮೇಲೆ. ಚಳಿಗಾಲದಲ್ಲಿ ದೂರದ ದೇಶಗಳಿಂದ ಬರುವ ಹ್ಯಾರಿಯರ್ ಜಾತಿಯ ಹದ್ದುಗಳು ರಾತ್ರಿ ತಂಗುವುದೂ ಹುಲ್ಲಿನ ನಡುವೆ ನೆಲದಲ್ಲೇ.

ಬೇಸಿಗೆ ಮುಗಿಯುವ ಹೊತ್ತಿಗೆ ಒಮ್ಮೆ ಗರಸು ಮಣ್ಣಿನ ಮಡ್ಡಿಯ ಮೇಲೆ, ಅಂದರೆ ಉಳದೆ ಬಿಟ್ಟ ಹುಲ್ಲುನೆಲದ ಮೇಲೆ, ನಿಧಾನವಾಗಿ ನಡೆದು ನೋಡಿ. ಟಿಟ್ಟಿಭ ತಲೆಯ ಮೇಲೆ ಚೀರುತ್ತ ಸುತ್ತು ಹಾಕಿದರೆ ಅಲ್ಲೇ ನಿಲ್ಲಿ. ಗೂಡು ಎನ್ನುವಂಥದ್ದು ಏನೂ ಇರುವುದಿಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ನಾಲ್ಕಾರು ಹರಳು, ಮಧ್ಯದಲ್ಲಿ ಚೂಪು ತುದಿಗಳನ್ನು ಒಳಕ್ಕೆ ಮಾಡಿಟ್ಟ ನಾಲ್ಕು ಮೊಟ್ಟೆ. ಅವುಗಳ ಬಣ್ಣವೂ ಚುಕ್ಕಿಯೂ ಗರಸಿನದ್ದೇ, ಕಣ್ಣು ತೆಗೆದರೆ ಮತ್ತೆ ಹುಡುಕುವುದು ಕಷ್ಟ. ಸರಕಾರಿ ಕಡತಗಳಲ್ಲಿ ಇಂಥ ನೆಲದ ಹೆಸರು ಬಹಳ ಸಲ 'ಬಂಜರು' ಎಂದಿರುತ್ತದೆ.

ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿ ಗುಡ್ಡಗಳನ್ನು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ಈ ಪ್ರಾಣಿಗಾಗಿಯೇ ರಾಜ್ಯದಲ್ಲಿ ಆದ ಮೊದಲ ಧಾಮ ಅದು. ಆದರೆ ಧಾಮ ಮುಗಿದ ಮರು ಹೆಜ್ಜೆಗೆ ರೈತರ ಹೊಲ ಶುರುವಾಗುತ್ತದೆ. ಮೂರು ಜಿಲ್ಲೆಗಳ ಬಯಲು ಭಾಗದಲ್ಲಿ ಚಿಗರಿ, ತೋಳ, ನರಿಗಳು ಬಹುಪಾಲು ಬದುಕಿರುವುದು ಖಾಸಗಿ ಹೊಲ, ಗಾಯರಾಣ (ಊರ ದನ ಮೇಯುವ ಗೋಮಾಳ), ಕಂದಾಯ ಇಲಾಖೆಯ ಮಡ್ಡಿಗಳಲ್ಲಿ. ಜಮೀನಿನವರು ಒಪ್ಪದೆ ಇಲ್ಲಿ ಯಾವ ಸಂರಕ್ಷಣೆಯೂ ನಡೆಯದು.

ಹಾಗಾದರೆ ಗಿಡ ನೆಡುವುದು ಬೇಡವೇ? ಎಲ್ಲರೂ ಅದನ್ನೇ ಮಾಡುತ್ತಾರಲ್ಲ?

ಎಲ್ಲಿ ನೆಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಊರ ಸುತ್ತ, ರಸ್ತೆಯ ಬದಿ, ಕೆರೆಯ ಏರಿ, ಹೊಲದ ಬದು, ಹಳ್ಳದ ದಂಡೆ, ಶಾಲೆಯ ಆವರಣ ಇಲ್ಲೆಲ್ಲ ಧಾರಾಳವಾಗಿ ನೆಡಿ. ಬೇವು, ಹುಣಸೆ, ಬಸರಿ, ಅತ್ತಿ, ಆಲ, ಬನ್ನಿ, ಹುಲಗಲ, ಮುತ್ತುಗ, ಕರಿಜಾಲಿ ಎಲ್ಲವೂ ಈ ಮಣ್ಣಿಗೆ ಒಗ್ಗಿದವು. ಆದರೆ ಹುಲ್ಲು ಬೆಳೆಯುವ ಮಡ್ಡಿಯಲ್ಲಿ ಸಾಲು ಹಿಡಿದು ಗುಂಡಿ ತೋಡಿ ಗೊಬ್ಬರದ ಗಿಡ (ಗ್ಲಿರಿಸಿಡಿಯ), ನೀಲಗಿರಿ, ಅಕೇಸಿಯ ನೆಟ್ಟರೆ ಹಸಿರು ಹೆಚ್ಚಿದಂತೆ ಕಾಣುತ್ತದೆ, ನೆಲೆ ಮಾತ್ರ ಹೋಗುತ್ತದೆ. ಅದರಲ್ಲೂ ಜೆಸಿಬಿ ತಂದು ಮಡ್ಡಿಯುದ್ದಕ್ಕೂ ಟ್ರೆಂಚ್ ಹೊಡೆಯುವ ಉತ್ಸಾಹಕ್ಕೆ ನಮ್ಮ ವಿರೋಧವಿದೆ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಆ ಮಳೆಯಲ್ಲಿ, ಕಲ್ಲಿನ ಮೇಲಿನ ಗೇಣುದ್ದ ಮಣ್ಣಿನಲ್ಲಿ ತಲೆತಲಾಂತರದಿಂದ ಬೇರು ಬಿಟ್ಟ ಹುಲ್ಲನ್ನು ಒಂದೇ ದಿನದಲ್ಲಿ ಬುಡಮೇಲು ಮಾಡಬಹುದು, ಮತ್ತೆ ತರಲು ಹತ್ತಾರು ವರ್ಷ ಬೇಕು. ಗಿಡ ನೆಡುವ ದಿನ ಫೋಟೊ ಚೆನ್ನಾಗಿ ಬರುತ್ತದೆ ಎಂಬುದೂ ಇದಕ್ಕೆಲ್ಲ ಒಂದು ಕಾರಣ ಎಂದು ನಮ್ಮ ಗುಮಾನಿ.

ಮಡ್ಡಿಯಲ್ಲಿ ಮಾಡಬೇಕಾದ ಕೆಲಸ ಮೂರು: ಮಳೆಗಾಲದಲ್ಲಿ ಮೇಯಿಸುವುದನ್ನು ತಡೆಯುವುದು, ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಹೊರಗಿನಿಂದ ಬಂದ ಕಂಟಿಗಳನ್ನು ಕೀಳುವುದು. ಇರುವ ಬಾರಿ, ಕವಳಿ, ಆವರಿಕೆ ಕಂಟಿಗಳನ್ನು ಹಾಗೇ ಬಿಡಿ.

ನನಗಿರುವುದು ಎರಡೇ ಎಕರೆ. ನಾನೇನು ಬಿಟ್ಟುಕೊಡಲಿ?

ಬದು. ಅಷ್ಟು ಸಾಕು.

ಲೆಕ್ಕ ಹಾಕಿ ನೋಡೋಣ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಸುತ್ತಲೂ ಒಂದು ಮೀಟರ್ ಅಗಲದ ಬದು ಉಳಿಸಿ, ಅದರಲ್ಲಿ ಅರ್ಧ ನಿಮ್ಮದು, ಅರ್ಧ ಪಕ್ಕದವರದು ಎಂದಾದರೆ ನಿಮ್ಮ ಪಾಲಿಗೆ ಹೋಗುವುದು ಒಂದೂಕಾಲು ಗುಂಟೆ, ಅಂದರೆ ಎಕರೆಗೆ ಶೇಕಡ 3. ಬಹಳ ಹೊಲಗಳಲ್ಲಿ ಅಷ್ಟು ಬದು ಮೊದಲೇ ಇರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ವರ್ಷಕ್ಕೊಂದು ಗೇಣು ಕೊರೆದು ಕೊರೆದು ತೆಳುವಾಗಿರುತ್ತದೆ, ಅಷ್ಟೇ. ಪಕ್ಕದವರೊಂದಿಗೆ ಬದುವಿನ ಜಗಳ ಇದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ನಮ್ಮ ಸೀಮೆಯಲ್ಲಿ ಪೊಲೀಸ್ ಠಾಣೆ ಹತ್ತಿದ ವ್ಯಾಜ್ಯಗಳಲ್ಲಿ ಎಷ್ಟು ಬದುವಿನಿಂದ ಹುಟ್ಟಿದವು ಎಂಬುದು ನಿಮಗೇ ಗೊತ್ತು.

ಬದುವಿಗೆ ಬೆಂಕಿ ಹಚ್ಚಬೇಡಿ, ಕಳೆನಾಶಕ ಹೊಡೆಯಬೇಡಿ. ಹತ್ತು ಹೊಲಗಳ ಬದುಗಳು ಒಂದಕ್ಕೊಂದು ಕೂಡಿ ಹಳ್ಳದವರೆಗೆ ಮುಟ್ಟಿದರೆ ನರಿ, ಮುಂಗುಸಿ, ಗೌಜಗ, ಕೆರೆಹಾವುಗಳಿಗೆ ಅದೇ ಓಡಾಡುವ ದಾರಿಯಾಗುತ್ತದೆ. ಅದಕ್ಕೇ ಈ ಕೆಲಸ ಒಬ್ಬ ರೈತನಿಂದ ಆಗುವಂಥದ್ದಲ್ಲ.

ಇದರಿಂದ ನನಗೇನು ಲಾಭ?

ದೊಡ್ಡ ಆದಾಯದ ಆಸೆ ತೋರಿಸುವವರನ್ನು ನಂಬಬೇಡಿ. ಸಿಗುವುದು ಸಣ್ಣ ಸಣ್ಣ ಉಪಕಾರಗಳು. ಗೂಬೆ, ಕೆರೆಹಾವು, ನರಿ ಮೂರೂ ಇಲಿ ತಿನ್ನುತ್ತವೆ, ಕಬ್ಬಿನವರಿಗೆ ಇದರ ಬೆಲೆ ತಿಳಿದಿದೆ. ಹ್ಯಾರಿಯರ್ ಹದ್ದುಗಳಿಗೆ ಮಿಡತೆ ಇಷ್ಟದ ಆಹಾರ. ಸೂರ್ಯಕಾಂತಿಗೆ ಜೇನು ಬಾರದಿದ್ದರೆ ತೆನೆಯ ನಡುವೆ ಜೊಳ್ಳು. ಆ ಜೇನಿಗೆ ಬೆಳೆ ಇಲ್ಲದ ತಿಂಗಳುಗಳಲ್ಲಿ ಬದುವಿನ ಹೂವೇ ಗತಿ. ತೊಗರಿ, ಕಡಲೆಯ ಕಾಯಿಕೊರಕಕ್ಕೆ ಹೊಲದಲ್ಲಿ ಹಕ್ಕಿ ಕೂರಲು ಕೋಲು ನೆಡಿ ಎಂದು ಕೃಷಿ ವಿಜ್ಞಾನ ಕೇಂದ್ರದವರು ಹೇಳುವುದನ್ನು ಕೇಳಿರುತ್ತೀರಿ. ಬದುವಿನಲ್ಲಿ ಗಿಡವಿದ್ದರೆ ಹಕ್ಕಿ ಮೊದಲೇ ಅಲ್ಲಿರುತ್ತದೆ. ಜೊತೆಗೆ ಒಂದೆರಡು ಹೊರೆ ಮೇವು, ಮತ್ತು ದೊಡ್ಡ ಮಳೆಗೆ ಕೊಚ್ಚಿ ಹೋಗದೆ ನಿಂತ ಮಣ್ಣು.

ಅಪರೂಪದ ಪ್ರಾಣಿ ಇದೆ ಎಂದು ಬರೆದುಕೊಟ್ಟರೆ ಸರಕಾರ ಜಮೀನು ಕಸಿದುಕೊಳ್ಳುವುದಿಲ್ಲವೇ?

ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ, ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳನ್ನೇ ಕೊಟ್ಟ ಜನ ನಾವು. ಭೂಸ್ವಾಧೀನದ ನೋಟಿಸು, ಪರಿಹಾರಕ್ಕೆ ಕೋರ್ಟಿನ ಅಲೆದಾಟ ಇವೆಲ್ಲ ಮನೆಮನೆಯ ಅನುಭವ. ಹಾಗಾಗಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇವೆ.

ಪಕ್ಕದವರೊಂದಿಗೆ ಮಾತಾಡಿ ಬದು ಉಳಿಸುವುದು, ಮಡ್ಡಿಯನ್ನು ನಾಲ್ಕು ತಿಂಗಳು ಮೇಯಿಸದೆ ಬಿಡುವುದು ಇವುಗಳಿಗೆ ಯಾವ ಘೋಷಣೆಯೂ ಬೇಕಿಲ್ಲ. ನಿಮ್ಮ ಉತಾರದಲ್ಲಿ (ಪಹಣಿಯಲ್ಲಿ) ಒಂದಕ್ಷರವೂ ಬದಲಾಗುವುದಿಲ್ಲ. ಕೃಷ್ಣಮೃಗ, ಚಿಂಕಾರ, ತೋಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲ ಅನುಸೂಚಿಯಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪ್ರಾಣಿಗಳ ಪಟ್ಟಿಯಲ್ಲಿ, ಇಟ್ಟಿದೆ. ಅವನ್ನು ಕೊಲ್ಲುವುದು ನಿಮ್ಮ ಹೊಲದಲ್ಲೂ ಅಪರಾಧ, ಊರ ಆಚೆಯೂ ಅಪರಾಧ. ಆದರೆ ಅವು ನಿಮ್ಮ ಹೊಲದಲ್ಲಿ ಕಾಣಿಸಿಕೊಂಡವು ಎಂಬ ಒಂದೇ ಕಾರಣಕ್ಕೆ ಒಡೆತನ ಹೋಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಅದೇ ಕಾಯ್ದೆಗೆ ಬಂದು 2003ರಲ್ಲಿ ಜಾರಿಯಾದ ತಿದ್ದುಪಡಿ 'ಸಮುದಾಯ ಮೀಸಲು' ಎಂಬ ಹೊಸ ಬಗೆಯನ್ನು ತಂದಿತು. ಖಾಸಗಿ ಅಥವಾ ಸಮುದಾಯದ ಜಮೀನಿನವರು ತಾವಾಗಿಯೇ ಮುಂದೆ ಬಂದರೆ ಮಾತ್ರ ಸರಕಾರ ಅದನ್ನು ಘೋಷಿಸಬಹುದು. ಒಡೆತನ ನಿಮ್ಮದಾಗಿಯೇ ಉಳಿಯುತ್ತದೆ. ಆದರೆ ಒಂದು ಕಟ್ಟಿದೆ: ಘೋಷಣೆಯಾದ ಮೇಲೆ ಅಲ್ಲಿನ ನಿರ್ವಹಣಾ ಸಮಿತಿಯ ಠರಾವು ಮತ್ತು ಸರಕಾರದ ಒಪ್ಪಿಗೆ ಇಲ್ಲದೆ ಭೂಮಿಯ ಬಳಕೆಯನ್ನು ಬದಲಾಯಿಸುವಂತಿಲ್ಲ. ನಾಳೆ ಲೇಔಟ್ ಮಾಡುವ, ಕಲ್ಲುಕ್ವಾರಿಗೆ ಕೊಡುವ ಯೋಚನೆ ಇರುವವರು ಇದಕ್ಕೆ ಕೈಹಾಕಬಾರದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಜನರ ಸ್ವಂತ ಹುಣಸೆ ಮರಗಳಲ್ಲಿ. ಮರದ ಫಸಲು ಕಳೆದುಕೊಂಡ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಮರ ಇನ್ನೂ ಅವರದ್ದೇ.

ಮೊದಲ ಕೆಲವು ವರ್ಷ ಘೋಷಣೆಯ ಗೊಡವೆಗೇ ಹೋಗದೆ ಬರೀ ಒಪ್ಪಂದದ ಮೇಲೆ ನಡೆಯುವುದು ವಾಸಿ.

ಒಪ್ಪಂದ ಎಂದರೆ ಏನು ಬರೆದುಕೊಳ್ಳಬೇಕು?

ಬಾಯಿಮಾತು ಸಾಲದು, ವಕೀಲರ ಭಾಷೆಯೂ ಬೇಡ. ಒಂದು ಹಾಳೆ ಸಾಕು. ಸರ್ವೆ ನಂಬರ್, ಎಷ್ಟು ಗುಂಟೆ, ಯಾವ ದಿಕ್ಕಿನ ಭಾಗ, ಎಷ್ಟು ವರ್ಷ (ಮೊದಲ ಸಲ ಮೂರು ಅಥವಾ ಐದು ವರ್ಷಕ್ಕೆ ಮೇಲೆ ಹೋಗಬೇಡಿ), ಹುಲ್ಲು ಯಾರಿಗೆ, ಕಾವಲು ಯಾರದು, ನಡುವೆ ಬಿಡಬೇಕೆಂದರೆ ಎಷ್ಟು ತಿಂಗಳು ಮೊದಲು ಹೇಳಬೇಕು ಎಂಬುದಿದ್ದರೆ ಆಯಿತು. ಜಮೀನು ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಎಲ್ಲರ ಸಹಿ ಹಾಕಿಸಿ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ತಮ್ಮನಿಗೆ ಫೋನು ಮಾಡಿ ಕೇಳುವುದು ಹಬ್ಬಕ್ಕೆ ಬಂದಾಗ ಜಗಳವಾಗುವುದಕ್ಕಿಂತ ಮೇಲು. ಹೊಲ ಲಾವಣಿಗೆ ಕೊಟ್ಟಿದ್ದರೆ ಉಳುವವರನ್ನೂ ಕೂರಿಸಿಕೊಂಡೇ ಮಾತಾಡಿ. ಬದು ಕೊರೆಯುವ ಟ್ರ್ಯಾಕ್ಟರ್ ನಡೆಸುವವರು ಅವರು, ಮಾಲೀಕರಲ್ಲ.

ಮನೆಯ ಹೆಣ್ಣುಮಕ್ಕಳು ಆ ಮಾತುಕತೆಯಲ್ಲಿ ಇರಲೇಬೇಕು. ಮೇವು ತರುವವರು, ಕಟ್ಟಿಗೆ ಆರಿಸುವವರು ಅವರು. ಅವರನ್ನು ಬಿಟ್ಟು ಗಂಡಸರೇ ಸಹಿ ಮಾಡಿದ ಒಪ್ಪಂದ ಮೊದಲ ಬೇಸಿಗೆ ದಾಟುವುದು ಅನುಮಾನ.

ಊರ ಗಾಯರಾಣದಲ್ಲಿ ಇದನ್ನು ಮಾಡಬಹುದೇ?

ಮಾಡಬಹುದು. ಬೇರೆಲ್ಲ ಜಾಗಗಳಿಗಿಂತ ಹೆಚ್ಚು ಫಲ ಅಲ್ಲೇ ಸಿಗುತ್ತದೆ, ತಲೆನೋವೂ ಅಲ್ಲೇ ಹೆಚ್ಚು. ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ಊರಿನ 100 ದನಗಳಿಗೆ 30 ಎಕರೆಯಂತೆ ಮೇಯಲು ಜಾಗ ಇರಬೇಕು. ಇರಬೇಕಾದಷ್ಟು ಜಾಗ ನೆಲದ ಮೇಲೆ ಇರುವ ಊರುಗಳು ಕಡಿಮೆ. ಮೊದಲ ಕೆಲಸ, ತಹಶೀಲ್ದಾರ ಕಚೇರಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ ಗಡಿ ಗುರುತಿಸುವುದು. ಹಳ್ಳಿಯ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ, ಆ ತೀರ್ಪು ನಿಮ್ಮ ಬೆನ್ನಿಗಿದೆ. ಆದರೆ ಒಂದು ಮಾತು ನೆನಪಿಡಿ: ಒತ್ತುವರಿ ಮಾಡಿದವರಲ್ಲಿ ಒಂದೆಕರೆಯ ಬಡವರೂ ಇರುತ್ತಾರೆ, ಇಪ್ಪತ್ತು ಎಕರೆಯ ಗೌಡರೂ ಇರುತ್ತಾರೆ. ಬಡವರ ಗುಡಿಸಲಿನಿಂದ ತೆರವು ಶುರುಮಾಡಿದ ಗುಂಪಿಗೆ ಊರಲ್ಲಿ ಮತ್ತೆ ಯಾರೂ ಬೆಲೆ ಕೊಡುವುದಿಲ್ಲ.

ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯ ಸಮಿತಿಯ ಸದಸ್ಯರು ಯಾರು ಎಂದು ಕೇಳಿ ನೋಡಿ, ಕೆಲವು ಕಡೆ ಸದಸ್ಯರಿಗೇ ತಾವು ಸದಸ್ಯರೆಂದು ತಿಳಿದಿರುವುದಿಲ್ಲ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಮಡ್ಡಿಯ ಹುಲ್ಲು, ಹಕ್ಕಿ, ಪ್ರಾಣಿಗಳನ್ನು ಬರೆಸಿಡಿ. ನಾಳೆ ಆ ಜಾಗವನ್ನು ಬೇರೆ ಯಾವುದಕ್ಕೋ ಕೊಡುವ ಮಾತು ಬಂದಾಗ ಕೈಯಲ್ಲಿ ಕಾಗದವಿರುತ್ತದೆ.

ಮಡ್ಡಿಗೆ ಬೇಲಿ ಹಾಕಿದರೆ ಕುರಿಗಾರರು ಎಲ್ಲಿಗೆ ಹೋಗಬೇಕು?

ಬೇಲಿ ಹಾಕಬೇಡಿ. ಮುಳ್ಳುತಂತಿಗೆ ಕುರಿಗಾರರಿಗಿಂತ ಮೊದಲು ಸಿಕ್ಕುವುದು ಚಿಗರಿ. ತಂತಿಯ ಕೆಳಗೆ ನುಸುಳುವುದು ಅದರ ಅಭ್ಯಾಸ, ಬೆನ್ನು ಸೀಳಿಕೊಳ್ಳುತ್ತದೆ.

ಕುರಿಗಾರರು ಬೇಡವೇ ಬೇಡ ಎನ್ನುವ ಗುಂಪುಗಳೊಂದಿಗೆ ನಮ್ಮ ಜಗಳವಿದೆ. ಈ ಹುಲ್ಲುಗಾವಲು ಇಷ್ಟು ಕಾಲ ಹುಲ್ಲುಗಾವಲಾಗಿಯೇ ಉಳಿದದ್ದರಲ್ಲಿ ಕುರಿದನಗಳ ಪಾಲೂ ಇದೆ. ಹದ ತಪ್ಪಿದಾಗ ಮಾತ್ರ ಕೇಡು. ನಡೆಯುವಂಥ ಒಪ್ಪಂದ ಹೀಗಿರುತ್ತದೆ: ಮಡ್ಡಿಯನ್ನು ಎರಡು ಮೂರು ಪಾಲು ಮಾಡಿ, ಒಂದು ಪಾಲನ್ನು ಮೃಗಶಿರಾ ಮಳೆಯಿಂದ ದೀಪಾವಳಿಯವರೆಗೆ ಮುಚ್ಚುವುದು. ಅಷ್ಟರಲ್ಲಿ ಹುಲ್ಲು ತೆನೆ ಬಿಟ್ಟು ಬೀಜ ಉದುರಿಸಿರುತ್ತದೆ. ಆಮೇಲೆ ಕೊಯ್ದುಕೊಂಡು ಹೋಗಬಹುದು, ಮೇಯಿಸಲೂಬಹುದು. ಮರುವರ್ಷ ಬೇರೆ ಪಾಲು. ಮುಚ್ಚುವ ಪಾಲು ಯಾವುದು ಎಂಬುದನ್ನು ಕುರಿಗಾರರೇ ಆರಿಸಲಿ. ಹೊರ ಊರಿನಿಂದ ಕುರಿ ಹೊಡೆದುಕೊಂಡು ಬರುವವರು ಪ್ರತಿ ವರ್ಷ ಯಾವ ತಿಂಗಳು ಬರುತ್ತಾರೆಂದು ಊರಿಗೆ ಗೊತ್ತಿರುತ್ತದೆ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವ ರೈತರೇ ಅವರೊಂದಿಗೆ ಮಾತಾಡಲಿ.

ಬಳ್ಳಾರಿ ಜಾಲಿ ತೆಗೆಯುವುದು ಹೇಗೆ? ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ.

ನೆಲಮಟ್ಟಕ್ಕೆ ಕಡಿದರೆ ಅದಕ್ಕೆ ಒಳ್ಳೆಯದನ್ನೇ ಮಾಡಿದಂತೆ, ಒಂದು ಕಾಂಡ ಇದ್ದಲ್ಲಿ ಐದಾರು ಏಳುತ್ತವೆ. ಚಿಗುರುವ ಮೊಗ್ಗುಗಳು ಇರುವುದು ಬುಡದಲ್ಲಿ, ನೆಲದಿಂದ ಸ್ವಲ್ಪ ಕೆಳಗೆ. ಸುತ್ತ ಮಣ್ಣು ಬಿಡಿಸಿ ಒಂದಡಿ ಆಳದಲ್ಲಿ ಬೇರಿನ ಗಂಟನ್ನೇ ಕತ್ತರಿಸಿ ಎತ್ತಬೇಕು. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಸುಲಭ. ಸಣ್ಣ ಸಸಿಗಳನ್ನು ಆಗಲೇ ಕೈಯಿಂದ ಕೀಳಬಹುದು.

ಕಾಯಿ ಬಿಡುವ ಮೊದಲು ಕೆಲಸ ಮುಗಿಸಿ. ದನ, ಕುರಿ, ಚಿಗರಿ ಎಲ್ಲವೂ ಆ ಸಿಹಿ ಕಾಯಿ ತಿನ್ನುತ್ತವೆ, ಬೀಜ ಸಗಣಿಯಲ್ಲಿ ಹಾಗೇ ಬಂದು ಗೊಬ್ಬರದ ಸಮೇತ ಮೊಳೆಯುತ್ತದೆ. ಒಂದೇ ವರ್ಷ ಎಲ್ಲ ತೆಗೆಯಲು ಹೋಗಬೇಡಿ. ಈ ಮರ ನಮ್ಮ ದೇಶಕ್ಕೆ ಬಂದದ್ದು 1870ರ ದಶಕದಲ್ಲಿ. ಈಗ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಕಟ್ಟಿಗೆ ಯಾರಿಗೆ, ಇದ್ದಿಲು ಸುಡುವವರ ಪಾಲೆಷ್ಟು ಎಂದು ಮೊದಲೇ ತೀರ್ಮಾನಿಸಿ. ನಿಮ್ಮ ಸ್ವಂತ ಹೊಲದಲ್ಲಿ ಇದನ್ನು ಕಡಿಯಲು ಮರ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕಿಲ್ಲ. ಗಾಯರಾಣದಲ್ಲಾದರೆ ಪಂಚಾಯಿತಿಯ ಠರಾವು ಬೇಕು. ಕರಿಜಾಲಿ, ಬನ್ನಿಗಳನ್ನು ಇದೇ ಎಂದು ತಿಳಿದು ಕಡಿಯುವವರಿದ್ದಾರೆ, ಕೊಡಲಿ ಕೊಡುವ ಮೊದಲು ಗಿಡ ತೋರಿಸಿ.

ಹುಲ್ಲಿನ ಬೀಜ ಎಲ್ಲಿ ಸಿಗುತ್ತದೆ?

ನಿಮ್ಮ ಊರಲ್ಲೇ. ರುದ್ರಭೂಮಿ, ರೈಲು ಹಳಿಯ ಬದಿ, ಗುಡಿಯ ಹಿಂದಿನ ಗುಡ್ಡ, ಹಳೆಯ ಕೋಟೆಯ ಅಗಳು, ಇಂಥ ಮೇಯಿಸದ ಜಾಗಗಳಲ್ಲಿ ಹಳೆಯ ಜಾತಿಗಳು ಉಳಿದಿರುತ್ತವೆ. ಶೀಗಿ ಹುಣ್ಣಿಮೆ ಕಳೆದ ಮೇಲೆ ತೆನೆ ಒಣಗಿದಾಗ ಕೈಯಿಂದ ಸವರಿ ಚೀಲಕ್ಕೆ ಹಾಕಿಕೊಳ್ಳಿ. ಪಂಚೆಗೆ, ಸೀರೆಯ ಅಂಚಿಗೆ ಚುಚ್ಚಿಕೊಳ್ಳುವ ಸೂಜಿಹುಲ್ಲನ್ನು ಬೈಯದವರಿಲ್ಲ. ಅದರ ಬೀಜವನ್ನು ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿ. ಬೀಜಕ್ಕೆ ಅಂಟಿದ ಕಪ್ಪು ಬಾಲ ಸುರುಳಿ ಬಿಚ್ಚಿಕೊಳ್ಳುತ್ತ ನಿಧಾನವಾಗಿ ತಿರುಗುತ್ತದೆ. ಒಣಗಿದಾಗ ಮತ್ತೆ ಸುರುಳಿಯಾಗುತ್ತದೆ. ಇಬ್ಬನಿ, ಬಿಸಿಲುಗಳ ನಡುವೆ ಹೀಗೆ ತಿರುಗಿ ತಿರುಗಿಯೇ ಅದು ತನ್ನನ್ನು ನೆಲದೊಳಗೆ ನೆಟ್ಟುಕೊಳ್ಳುತ್ತದೆ. ಹೀಗಾಗಿ ಬಿತ್ತುವ ಕಷ್ಟ ಕಡಿಮೆ, ಮೊದಲ ಮಳೆಗೆ ಮುಂಚೆ ಮೇಲುಮೇಲೆ ಚೆಲ್ಲಿದರೆ ಸಾಕು.

ಹೆಚ್ಚಿನ ಮಾಹಿತಿಗೆ ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ವಿಜಯಪುರದ ಹಿಟ್ಟಿನಹಳ್ಳಿ, ಬೆಳಗಾವಿ ಜಿಲ್ಲೆಯ ಮತ್ತಿಕೊಪ್ಪ ಮತ್ತು ತುಕ್ಕಾನಟ್ಟಿಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ನೇಪಿಯರ್, ಗಿನಿಹುಲ್ಲು ಮೇವಿಗೆ ಒಳ್ಳೆಯವು, ನೀರಿರುವ ಹೊಲದಲ್ಲಿ ಬೆಳೆಯಿರಿ. ಮಡ್ಡಿಗೆ ತರಬೇಡಿ.

ಚಿಗರಿ ಹೆಚ್ಚಾದರೆ ಕಡಲೆ, ಜೋಳ ಉಳಿಯುತ್ತದೆಯೇ?

ಚಿಗರಿ ಬೆಳೆ ತಿನ್ನುತ್ತವೆ. ಮೊಳಕೆ ಬಂದ ಮೊದಲ ವಾರಗಳಲ್ಲಿ ಹಾನಿ ಹೆಚ್ಚು. ಇದನ್ನು ಮುಚ್ಚಿಟ್ಟು ಮಾತು ಶುರುಮಾಡಿದವರ ಜೊತೆ ರೈತರು ಎರಡನೆಯ ಸಭೆಗೆ ಬರುವುದಿಲ್ಲ. ಮಡ್ಡಿಯಲ್ಲಿ ಹುಲ್ಲಿದ್ದರೆ ಅವು ಹೊಲಕ್ಕೆ ನುಗ್ಗುವುದು ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಮಡ್ಡಿಗೆ ತಾಗಿದ ಹೊಲದವರ ಮೇಲೆ ಇಡೀ ಊರಿನ ಭಾರ ಬೀಳುವುದು ಅನ್ಯಾಯ. ಆದ್ದರಿಂದ ಆ ಮೊದಲ ವಾರಗಳಲ್ಲಿ ಕಾವಲಿಗೆ ಗುಂಪಿನಿಂದ ಪಾಳಿ ಹಾಕಿಕೊಳ್ಳಿ. ಮಡ್ಡಿಯ ಹುಲ್ಲು ಹಂಚುವಾಗ ಅವರಿಗೆ ಮೊದಲ ಪಾಲು ಕೊಡಿ.

ಹಾನಿಯಾದರೆ ಅದೇ ದಿನ ಸರ್ವೆ ನಂಬರ್, ಫೋಟೊ ಸಮೇತ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬೇಲಿಗೆ ನೇರ ಕರೆಂಟ್ ಹರಿಸುವುದು, ಕಾಳಿಗೆ ವಿಷ ಬೆರೆಸಿಡುವುದು ಎರಡೂ ಜೈಲಿನ ದಾರಿ. ಮೇಲಾಗಿ ಆ ಕರೆಂಟಿಗೆ ಮೊದಲು ಬಲಿಯಾಗುವುದು ನಸುಕಿನಲ್ಲಿ ನೀರು ಹಾಯಿಸಲು ಬರುವ ಪಕ್ಕದ ಹೊಲದವರೇ ಆಗಿರಬಹುದು.

ನಮ್ಮ ಹಿರಿಯರು ಎಳ್ಳ ಅಮಾವಾಸ್ಯೆಗೆ ಹೊಲದ ತುಂಬ ಚರಗ (ನೈವೇದ್ಯದ ಅಡುಗೆ) ಚೆಲ್ಲುತ್ತಿದ್ದರು, ಈಗಲೂ ಚೆಲ್ಲುತ್ತೇವೆ. ಅದನ್ನು ನೆನಪಿಸಿ ರೈತರನ್ನು ಒಪ್ಪಿಸಲು ನೋಡುವವರಿದ್ದಾರೆ. ಒಂದು ದಿನದ ಚರಗ ಬೇರೆ, ಒಂದೆಕರೆ ಕಡಲೆ ಬೇರೆ. ಪಾಳಿ, ಪರಿಹಾರ, ಪಾಲು ಮೂರನ್ನೂ ಗಟ್ಟಿ ಮಾಡಿಕೊಂಡ ಮೇಲೆ ಆ ಮಾತು ಆಡಿ.

ತೋಳ ಬಂದರೆ ಕುರಿಮರಿಗಳ ಗತಿ?

ಹಳೆಯ ಕುರಿಗಾರರಲ್ಲಿ ವರ್ಷಕ್ಕೊಂದೆರಡು ಮರಿಗಳನ್ನು ತೋಳದ ಪಾಲೆಂದು ಬಿಟ್ಟುಬಿಡುವವರು ಇನ್ನೂ ಇದ್ದಾರೆ. ಆ ಔದಾರ್ಯವನ್ನು ಎಲ್ಲರಿಂದ ನಿರೀಕ್ಷಿಸುವುದು ಸರಿಯಲ್ಲ, ಒಂದು ಮರಿಯ ಬೆಲೆ ಈಗ ಸಾವಿರಾರು ರೂಪಾಯಿ. ರಾತ್ರಿ ಮರಿಗಳನ್ನು ಬಲೆಯ ಒಳಗೆ ಕೂಡಿಹಾಕಿ, ನಾಯಿ ಕಟ್ಟಿ. ಸತ್ತ ಮರಿಯನ್ನು ಹೂಳುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ ಪಂಚನಾಮೆ ಮಾಡಿಸಿ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಆ ತಿಂಗಳುಗಳಲ್ಲಿ ಹಳ್ಳದ ಕೊರಕಲಿನ ಬಿಲಗಳ ಹತ್ತಿರ ಮುರುಮು ತೆಗೆಯುವುದನ್ನು, ಹೊಗೆ ಹಾಕುವುದನ್ನು ನಿಲ್ಲಿಸಿ.

ಕಟ್ಟೆ ಇಲ್ಲದ ತೆರೆದ ಬಾವಿಗಳಿಗೆ ತೋಳ, ನರಿ ಬಿದ್ದು ಸಾಯುತ್ತವೆ. ಬಾವಿಯ ಸುತ್ತ ಮೊಣಕಾಲೆತ್ತರದ ಕಲ್ಲಿನ ಗೋಡೆ ಕಟ್ಟುವುದು ಯಾವ ಗುಂಪಾದರೂ ಒಂದು ಭಾನುವಾರದಲ್ಲಿ ಮಾಡಬಹುದಾದ ಕೆಲಸ. ಮಕ್ಕಳ ಜೀವಕ್ಕೂ ಅದು ಒಳ್ಳೆಯದು.

ನಾಯಿಗಳ ಕಾಟಕ್ಕೆ ಏನು ಮಾಡುವುದು?

ಚಿಂಕಾರದ ಮರಿಗೆ ತೋಳಕ್ಕಿಂತ ದೊಡ್ಡ ವೈರಿ ಊರ ನಾಯಿ. ಕೋಳಿ ಅಂಗಡಿಗಳ ಕಸ ಮಡ್ಡಿಯ ಅಂಚಿಗೆ ಸುರಿಯುವುದು ನಿಂತರೆ ಅರ್ಧ ಕೆಲಸ ಆದಂತೆ. ಉಳಿದದ್ದು ಪಂಚಾಯಿತಿ ಮಾಡಿಸಬೇಕಾದ ಸಂತಾನಹರಣ ಚಿಕಿತ್ಸೆ. ಮುಧೋಳ ನಾಯಿಯ ಬಗ್ಗೆ ನಮಗೆಲ್ಲ ಅಭಿಮಾನವಿದೆ. ಆದರೆ ಅದನ್ನು ಮಡ್ಡಿಯಲ್ಲಿ ಮೊಲ, ಚಿಂಕಾರಗಳ ಹಿಂದೆ ಬಿಟ್ಟು ವಿಡಿಯೊ ಮಾಡುವ ಯುವಕರು ಕಾನೂನಿನ ಕಣ್ಣಲ್ಲಿ ಬೇಟೆಗಾರರು.

ಬೇಸಿಗೆಯಲ್ಲಿ ನೀರಿನ ತೊಟ್ಟಿ ಕಟ್ಟಿಸಬೇಕೇ?

ಅವಸರ ಬೇಡ. ಚಿಂಕಾರ ತನಗೆ ಬೇಕಾದ ನೀರಿನ ಹೆಚ್ಚು ಪಾಲನ್ನು ತಿನ್ನುವ ಎಲೆ, ಕಾಯಿಗಳಿಂದಲೇ ಪಡೆಯುತ್ತದೆ. ಹೊಸ ತೊಟ್ಟಿ ಮೊದಲು ಸೆಳೆಯುವುದು ನಾಯಿ, ಹಂದಿಗಳನ್ನು. ಇರುವ ಹಳೆಯ ಗುಂಡಿ, ಹಳ್ಳದ ಮಡುವುಗಳ ಹೂಳು ತೆಗೆಯುವುದು ಹೆಚ್ಚು ಉಪಯೋಗ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಒಂದು ಬದಿಗೆ ಹಗ್ಗದ ಬಲೆಯನ್ನೋ ಕಲ್ಲಿನ ಮೆಟ್ಟಿಲನ್ನೋ ಇಡಿ. ಜಾರುವ ಆ ಹಾಳೆಯ ಮೇಲೆ ಹತ್ತಲಾರದೆ ಪ್ರಾಣಿಗಳು ಸಾಯುತ್ತವೆ.

ಹೊಳೆ ದಂಡೆಯಲ್ಲಿ ಕಬ್ಬು ಬೆಳೆಯುತ್ತೇವೆ. ನಾವೂ ಸೇರಬಹುದೇ?

ಖಂಡಿತ. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬು ಈಗ ನೀರಿನ ಅಂಚಿಗೇ ಬಂದು ನಿಂತಿದೆ. 2019ರ ಪ್ರವಾಹದಲ್ಲಿ ದಂಡೆ ಕುಸಿದು ಹೊಲವೇ ಹೋದ ರೈತರಿಗೆ ದಂಡೆಯ ಗಿಡಗಳ ಬೆಲೆ ಹೇಳಿಕೊಡಬೇಕಿಲ್ಲ. ಹತ್ತು ಮೀಟರ್ ಬಿಟ್ಟು ಹೊಳೆಮತ್ತಿ, ಹುಲಗಲ, ಲಕ್ಕಿ ಬೆಳೆಯಲು ಬಿಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಂಡೆಯಲ್ಲಿ ಬಿಸಿಲು ಕಾಯುವ, ಮೊಟ್ಟೆ ಇಡುವ ಜಾಗ ಅವುಗಳಿಗೆ ಬೇಕು. ಬಟ್ಟೆ ಒಗೆಯುವ, ಎಮ್ಮೆ ಮೈತೊಳೆಯುವ ಘಟ್ಟ ಬೇರೆ ಇರಲಿ, ಅಲ್ಲಿ ಮಾತ್ರ ದಂಡೆ ಬಯಲಾಗಿರಲಿ. ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚುವುದು ಬಿಟ್ಟು ಸಾಲಿನಲ್ಲೇ ಮುಚ್ಚಿಗೆ ಮಾಡಿದರೆ ಮಣ್ಣಿಗೂ ಒಳ್ಳೆಯದು, ದಂಡೆಯ ಗೂಡುಗಳೂ ಉಳಿಯುತ್ತವೆ.

ಗೋಕಾಕ ತಾಲ್ಲೂಕಿನ ಧೂಪದಾಳದ ಹಿನ್ನೀರಿನಲ್ಲಿ 1974ರಿಂದ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ಅಲ್ಲಿಗೂ ಆಲಮಟ್ಟಿ ಹಿನ್ನೀರಿಗೂ ಬರುವ ಕ್ರೌಂಚ, ಬಾತುಗಳು ಸುತ್ತಲಿನ ಹೊಲಗಳಲ್ಲಿ ಕೊಯ್ಲಿನ ನಂತರ ಉದುರಿದ ಕಾಳು ಆರಿಸುತ್ತವೆ. ಕೊಯ್ದ ಹೊಲವನ್ನು ಎರಡು ವಾರ ತಡವಾಗಿ ಉಳುವುದೂ ಒಂದು ಕೊಡುಗೆ.

ಖಾನಾಪುರದ ನಮಗೂ ಇದೇ ನಿಯಮಗಳೇ?

ಅಲ್ಲ. ಪಶ್ಚಿಮ ಘಟ್ಟದ ಆ ಭಾಗದಲ್ಲಿ ಮಳೆ ವಿಜಯಪುರದ ಹಲವು ಪಟ್ಟು. ಅಲ್ಲಿ ಬೇಕಾದದ್ದು ನಿಜವಾಗಿ ಕಾಡು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ಸುತ್ತಲಿನ ಮಾಲ್ಕಿ ಜಮೀನುಗಳಲ್ಲಿ ಕಾಡಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸುವುದು ಮುಖ್ಯ. ಹೊಳೆಯ ಬದಿಯ ನೆರಳಿನ ಮರ ಕಡಿಯದಿರುವುದು, ಗೇರುತೋಟದ ನಡುವೆ ಹಳೆಯ ಕಾಡುಮರ ಉಳಿಸುವುದು, ರಾತ್ರಿ ಓಡಾಡುವ ಕರಡಿಯ ದಾರಿಗೆ ಅಡ್ಡ ಕಟ್ಟದಿರುವುದು. ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಬಹಳ ಅಪರೂಪವಾದ ಒಂದು ಜಾತಿಯ ಬಾವಲಿಗಳಿವೆ. ನೋಡಲು ಒಳಗೆ ಹೋಗಬೇಡಿ, ಯಾರನ್ನೂ ಕರೆದೊಯ್ಯಬೇಡಿ.

ಹಣ ಎಲ್ಲಿಂದ?

ಬದು ಬಿಡಲು, ಮೇಯಿಸದೆ ಇರಲು ಹಣ ಬೇಕಿಲ್ಲ. ಸಸಿಗಳಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ರಿಯಾಯಿತಿ ದರದಲ್ಲಿ ಸಸಿ ತಂದು ನೆಟ್ಟರೆ, ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಹೀಗೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನೊಂದಿಗೆ ಮೇ ತಿಂಗಳಲ್ಲೇ ವಲಯ ಕಚೇರಿಗೆ ಹೋಗಿ. ಮಳೆ ಬಿದ್ದ ಮೇಲೆ ಹೋದರೆ ನರ್ಸರಿಯಲ್ಲಿ ಉಳಿದ ಸಸಿಗಳಷ್ಟೇ ಸಿಗುತ್ತವೆ. ಹೂಳು ತೆಗೆಯುವುದು, ಬದು ಗಟ್ಟಿ ಮಾಡುವುದು ಉದ್ಯೋಗ ಖಾತ್ರಿಯಲ್ಲಿ ಬರುವ ಕೆಲಸಗಳು.

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು, ಪರಿಸರವೂ ಆ ಪಟ್ಟಿಯಲ್ಲಿದೆ. ಆದರೆ ಕಂಪನಿಗಳು ಕೇಳುವುದು ಸಾಮಾನ್ಯವಾಗಿ 'ಎಷ್ಟು ಗಿಡ ನೆಟ್ಟಿರಿ' ಎಂಬ ಸಂಖ್ಯೆ. ಹುಲ್ಲಿಗೆ ಸಂಖ್ಯೆ ಇಲ್ಲ. ಅವರ ಅಂಕಿಗಾಗಿ ಮಡ್ಡಿಯಲ್ಲಿ ಗುಂಡಿ ತೋಡುವುದಾದರೆ ಆ ಹಣ ಬೇಡ ಎನ್ನಿ.

ಗುಂಪನ್ನು ನೋಂದಾಯಿಸಬೇಕೇ?

ಹಣ ಬರುವವರೆಗೆ ಬೇಡ. ಬಂದ ಮೇಲೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಿಸಿ. ಊರಲ್ಲಿ ಈಗಾಗಲೇ ಗ್ರಾಮ ಅರಣ್ಯ ಸಮಿತಿಯೋ ಮಹಿಳಾ ಸ್ವಸಹಾಯ ಸಂಘವೋ ಇದ್ದರೆ ಹೊಸದನ್ನು ಹುಟ್ಟುಹಾಕುವ ಗೋಜೇ ಬೇಡ.

ಕೆಲಸ ಫಲ ಕೊಡುತ್ತಿದೆ ಎಂದು ತಿಳಿಯುವುದು ಹೇಗೆ?

ಒಂದು ಕಲ್ಲಿಗೆ ಬಣ್ಣ ಬಳಿದು ಪ್ರತಿ ವರ್ಷ ದಸರೆಯ ಮರುದಿನ ಅದರ ಮೇಲೆ ನಿಂತು ಒಂದೇ ದಿಕ್ಕಿಗೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಮೇಯಿಸದೆ ಬಿಟ್ಟ ಪಾಲಿನಲ್ಲಿ ಎರಡನೆಯ ಮಳೆಗಾಲಕ್ಕೇ ಹುಲ್ಲಿನ ವ್ಯತ್ಯಾಸ ಕಾಣುತ್ತದೆ. ಹಕ್ಕಿಗಳು ಅದರ ಹಿಂದೆಯೇ ಬರುತ್ತವೆ. ದೊಡ್ಡ ಪ್ರಾಣಿಗಳಿಗೆ ಕಾಯಬೇಕು, ಬರದೆಯೂ ಇರಬಹುದು. ಶಾಲೆಯ ಮಕ್ಕಳಿಗೆ ಹಿಕ್ಕೆ, ಹೆಜ್ಜೆಗುರುತು ತೋರಿಸಿ ವಹಿಯಲ್ಲಿ ಬರೆಸಿ. ಗೂಡು, ಬಿಲ ಇರುವ ಜಾಗದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ. ಮರುದಿನ ಕ್ಯಾಮೆರಾದವರು ಬರುತ್ತಾರೆ, ಅದರ ಮರುದಿನ ಬಲೆ ಹಿಡಿದವರು.

ಹೊಲದಲ್ಲಿ ಚಿಗರಿ ಅಥವಾ ಚಿಂಕಾರದ ಮರಿ ಒಂದೇ ಮಲಗಿತ್ತು. ಮನೆಗೆ ತರಬಹುದೇ?

ತರಬೇಡಿ. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ಹಾಲುಣಿಸಲು ಬರುತ್ತದೆ. ನೀವು ಹತ್ತಿರ ನಿಂತಿರುವವರೆಗೆ ಬರುವುದಿಲ್ಲ. ಕೈಯಿಂದ ಮುಟ್ಟದೆ ದೂರ ಹೋಗಿ, ನಾಯಿ ಇದ್ದರೆ ಕಟ್ಟಿಹಾಕಿ, ಆ ಸಾಲಿನ ಕೊಯ್ಲನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಮರಿಗೆ ಗಾಯವಾಗಿದ್ದರೆ ಅಥವಾ ತಾಯಿ ಸತ್ತದ್ದು ಕಣ್ಣಿಗೆ ಬಿದ್ದಿದ್ದರೆ ಮಾತ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ನೆರಳು ಮಾಡಿ, ಆಕಳ ಹಾಲು ಕುಡಿಸಬೇಡಿ.